ಬೀಗದ ಕೈ ಯಾರಲ್ಲಿ? ಸಂಸ್ಥೆಗಳಲ್ಲಿಯೂ ಸಾರ್ವಜನಿಕ ಜೀವನದಲ್ಲಿಯೂ ವಿಕಿ



ಸಮಾಜದ ಟ್ರಸ್ಟೊಂದರಲ್ಲಿ ಕಾರ್ಯದರ್ಶಿ ಬದಲಾದಾಗ ಯಾವ ಯಾವ ವಸ್ತುಗಳು ಕೈಯಿಂದ ಕೈಗೆ ದಾಟುತ್ತವೆ? ಕಪಾಟಿನ ಬೀಗದ ಕೈ, ಚೆಕ್ ಪುಸ್ತಕ, ರಬ್ಬರ್ ಮೊಹರು, ನಡವಳಿ ಪುಸ್ತಕ. ಇವುಗಳಿಗೆ ಹಾರ ಹಾಕಿಕೊಂಡ ಫೋಟೋ ಕೂಡ ಇರುತ್ತದೆ. ದಾಟದೆ ಉಳಿಯುವುದು ಬೇರೆ. ಆದಾಯ ತೆರಿಗೆ ಇಲಾಖೆಯ ಜಾಲತಾಣದ ಪಾಸ್‌ವರ್ಡ್ ಏನು, ಅದರ ಓಟಿಪಿ ಯಾರ ಮೊಬೈಲಿಗೆ ಹೋಗುತ್ತದೆ, ಸಭಾಭವನದ ಬಾಡಿಗೆ ಕರಾರನ್ನು ಯಾವ ಷರತ್ತಿನ ಮೇಲೆ ಮುಂದುವರಿಸಲಾಯಿತು, ವಿದ್ಯಾರ್ಥಿವೇತನದ ನಿಯಮಕ್ಕೆ ಯಾವ ವರ್ಷ ಯಾವ ಕಾರಣಕ್ಕೆ ವಿನಾಯಿತಿ ಕೊಡಲಾಯಿತು, ಠೇವಣಿಯ ಮೂಲ ರಸೀದಿ ಯಾವ ಬ್ಯಾಂಕಿನ ಯಾವ ಲಾಕರಿನಲ್ಲಿದೆ ಎಂಬುದೆಲ್ಲ ಒಬ್ಬ ಮನುಷ್ಯನ ತಲೆಯಲ್ಲಿ ಇರುತ್ತದೆ. ಆ ಮನುಷ್ಯನು ಮುನಿಸಿಕೊಂಡರೆ, ಊರು ಬಿಟ್ಟರೆ ಅಥವಾ ತೀರಿಕೊಂಡರೆ ಸಂಸ್ಥೆಯ ನೆನಪೂ ಅವನೊಡನೆ ಹೋಗುತ್ತದೆ.

ಇದು ಅತಿಶಯೋಕ್ತಿಯಲ್ಲ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ ಹೊಸ ವ್ಯವಸ್ಥೆಯಂತೆ, ದಶಕಗಳ ಹಿಂದೆಯೇ ನೋಂದಣಿಯಾಗಿದ್ದ ಧರ್ಮಾರ್ಥ ಸಂಸ್ಥೆಗಳೂ ಮತ್ತೊಮ್ಮೆ ಅರ್ಜಿ ಸಲ್ಲಿಸಿ ಐದು ವರ್ಷಗಳ ಅವಧಿಯ ನೋಂದಣಿ ಪಡೆಯಬೇಕಾಯಿತು. ಗಡುವನ್ನು ಹಲವು ಬಾರಿ ಮುಂದೂಡಿ, ಕೊನೆಗೆ 2024ರ ಜೂನ್ 30ರವರೆಗೆ ಎಳೆಯಲಾಯಿತು. ಇಲಾಖೆಯ ತೊಡಕುಗಳು ಅದಕ್ಕೆ ಒಂದು ಕಾರಣ, ಸಂದೇಹವಿಲ್ಲ. ಆದರೆ ಅಂತಹ ಅರ್ಜಿಗಳನ್ನು ಸಿದ್ಧಪಡಿಸಿದ ಯಾವ ಲೆಕ್ಕಪರಿಶೋಧಕರನ್ನು ಕೇಳಿದರೂ ಉಳಿದ ಕಾರಣಗಳು ತಿಳಿದಾವು: ಟ್ರಸ್ಟಿನ ಮೂಲಪತ್ರ ಸಿಗಲಿಲ್ಲ, ಲಾಗಿನ್ ಮಾಜಿ ಟ್ರಸ್ಟಿಯ ಸಂಖ್ಯೆಗೆ ಜೋಡಣೆಯಾಗಿತ್ತು, ಹಳೆಯ ಪ್ರಮಾಣಪತ್ರದ ನಕಲು ಯಾರ ಬಳಿಯೂ ಇರಲಿಲ್ಲ. ಮುಂಬಯಿ, ಪುಣೆಗಳ ಬಾಂಧವರಿಗೆ ಇನ್ನೊಂದು ಉದಾಹರಣೆ ಪರಿಚಿತ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟುಗಳ ಅಧಿನಿಯಮದ 22ನೆಯ ಕಲಮಿನಂತೆ ಟ್ರಸ್ಟಿಗಳಲ್ಲಾಗಲಿ ಆಸ್ತಿಯಲ್ಲಾಗಲಿ ಬದಲಾವಣೆಯಾದರೆ 90 ದಿನಗಳೊಳಗೆ ವರದಿ ಸಲ್ಲಿಸಬೇಕು. ಸಲ್ಲಿಸದೆ ಉಳಿದ ವರದಿಗಳ ದೆಸೆಯಿಂದ, ತೀರಿಕೊಂಡವರ ಹೆಸರುಗಳು ಸರಕಾರಿ ದಫ್ತರದಲ್ಲಿ ಟ್ರಸ್ಟಿಗಳಾಗಿ ಮುಂದುವರಿಯುತ್ತವೆ. ದುಡ್ಡು ತಿಂದವರು ಯಾರೂ ಇಲ್ಲದ ಸಂಸ್ಥೆಗಳಲ್ಲಿಯೂ ಹೀಗಾಗುತ್ತದೆ. ಅಲ್ಲಿ ಕೊರತೆಯಿರುವುದು ಎಲ್ಲರೂ ನೋಡಬಹುದಾದ, ಎಲ್ಲರೂ ತಿದ್ದಬಹುದಾದ ಒಂದು ಪುಟದ್ದು.

ಅಂತಹ ಪುಟಕ್ಕೆ ವಿಕಿ ಎಂದು ಹೆಸರು. ಅಮೆರಿಕದ ಪೋರ್ಟ್‌ಲ್ಯಾಂಡಿನ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ತಂತ್ರಾಂಶ ರಚಕರು 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಬಳಕೆಗೆ ಬಿಟ್ಟರು. ತಂತ್ರಾಂಶ ಬರೆಯುವವರು ತಮ್ಮ ಅನುಭವಗಳನ್ನು ಒಂದೆಡೆ ಕೂಡಿಸಿಡಲಿ ಎಂಬುದಷ್ಟೇ ಉದ್ದೇಶ. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡುತ್ತಿದ್ದ 'ವಿಕಿ ವಿಕಿ' ಎಂಬ ಬಸ್ಸಿನಿಂದ ಹೆಸರು ಬಂತು. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ. 2001ರ ಜನವರಿ 15ರಂದು ವಿಕಿಪೀಡಿಯ ಆರಂಭವಾದ ಮೇಲೆ ಈ ಪದ ಮನೆಮಾತಾಯಿತು. ಅದರ ಒಂದು ದುಷ್ಪರಿಣಾಮವೆಂದರೆ ವಿಕಿ ಎಂದರೆ ವಿಶ್ವಕೋಶವೆಂದೇ ಜನ ಭಾವಿಸಿದರು. ವಿಶ್ವಕೋಶವು ಅದರ ಒಂದು ಬಳಕೆ ಮಾತ್ರ.

ವಿಕಿಯ ಲಕ್ಷಣಗಳು ಮೂರು. ಒಂದು ವಿಷಯಕ್ಕೆ ಒಂದೇ ಪುಟ. ಓದಲು ಅಧಿಕಾರವಿರುವವನಿಗೆ ತಿದ್ದಲೂ ಅಧಿಕಾರ. ತಿದ್ದುವ ಮುನ್ನ ಪುಟ ಹೇಗಿತ್ತು, ತಿದ್ದಿದವರು ಯಾರು, ಯಾವ ದಿನ, ಯಾವ ಗಳಿಗೆ ಎಂಬುದು ಅಳಿಯದೆ ಉಳಿಯುವುದು. ಎರಡನೆಯದನ್ನು ಕಂಡು ಜನ ಬೆರಗಾಗುತ್ತಾರೆ ಅಥವಾ ಹೆದರುತ್ತಾರೆ. ಆದರೆ ಇಡೀ ವ್ಯವಸ್ಥೆಯನ್ನು ಹೊತ್ತು ನಿಂತಿರುವುದು ಮೂರನೆಯದು. ಲೆಕ್ಕಪತ್ರ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಖಾತೆ ಪುಸ್ತಕದಲ್ಲಿ ತಪ್ಪು ನಮೂದನ್ನು ಕೆರೆದು ಅಳಿಸಬಾರದು. ಅದು ಕಾಣುವಂತೆ ಬಿಟ್ಟು ತಿದ್ದುಪಡಿಯ ನಮೂದನ್ನು ಬರೆಯಬೇಕು ಎಂಬುದು ಹಳೆಯ ಗುಮಾಸ್ತರ ಮೊದಲ ಪಾಠ. ಗಣಕ ಬಂದ ಮೇಲೆ ಆ ಪಾಠ ಮರೆತುಹೋಯಿತು. ಮಾರ್ಚ್ ತಿಂಗಳ ಕೊನೆಯಲ್ಲಿ ನಮೂದುಗಳು ಗುರುತಿಲ್ಲದಂತೆ ಬದಲಾಗತೊಡಗಿದವು. ಆದ್ದರಿಂದಲೇ ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ಬದಲಾವಣೆಯ ಜಾಡನ್ನು ದಿನಾಂಕ ಸಹಿತ ದಾಖಲಿಸಬೇಕು, ಆ ದಾಖಲಾತಿಯನ್ನು ನಿಲ್ಲಿಸಲು ಸಾಧ್ಯವಾಗಬಾರದು ಎಂಬ ನಿಯಮ ಕಡ್ಡಾಯವಾಯಿತು. ಕಂಪನಿಗಳ ಮೇಲೆ ಕಾನೂನು ಹೇರಿದ ಶಿಸ್ತನ್ನು ವಿಕಿಗಳು ಸ್ವಂತ ಇಚ್ಛೆಯಿಂದ ಮೊದಲೇ ರೂಢಿಸಿಕೊಂಡಿದ್ದವು.

ಇದರ ಬೆಲೆ ತಿಳಿಯಬೇಕಾದರೆ ಇದಿಲ್ಲದ ಕಡೆ ನೋಡಬೇಕು. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ದಿಲ್ಲಿ, ಮುಂಬಯಿ, ಬೆಂಗಳೂರುಗಳ ಮನೆಮನೆಗೂ ವಾಟ್ಸ್ಯಾಪಿನಲ್ಲಿ ಆಮ್ಲಜನಕದ ಸಿಲಿಂಡರು, ಆಸ್ಪತ್ರೆಯ ಹಾಸಿಗೆ, ಪ್ಲಾಸ್ಮಾ ದಾನಿಗಳ ಪಟ್ಟಿಗಳು ಬರುತ್ತಿದ್ದವು. ಸದುದ್ದೇಶಕ್ಕೆ ಕೊರತೆಯಿರಲಿಲ್ಲ. ಆದರೆ ಒಂದು ಸಂದೇಶ ಒಮ್ಮೆ ಹೊರಟಿತೆಂದರೆ ಅದನ್ನು ತಿದ್ದುವವರಿಲ್ಲ. ಮೂರು ದಿನದ ಹಿಂದೆಯೇ ಖಾಲಿಯಾದ ಅಂಗಡಿಯ ಸಂಖ್ಯೆ ನೂರು ಗುಂಪುಗಳಲ್ಲಿ ಸುತ್ತುತ್ತಲೇ ಇತ್ತು. ರೋಗಿಯ ಮಗ ಇಪ್ಪತ್ತು ಸಂಖ್ಯೆಗಳಿಗೆ ಕರೆ ಮಾಡಿ, ಹತ್ತೊಂಬತ್ತು ಸತ್ತ ಸಂಖ್ಯೆಗಳೆಂದು ಅರಿಯುವ ಹೊತ್ತಿಗೆ ಬೇಕಾದ ಗಂಟೆಗಳು ಕಳೆದಿರುತ್ತಿದ್ದವು. ಆಗಲೇ ಕೆಲವು ತರುಣರು ಹಂಚಿಕೊಂಡ ಕೋಷ್ಟಕಗಳನ್ನು ತೆರೆದು, ಪ್ರತಿ ಸಾಲಿನ ಮುಂದೆ 'ಪರಿಶೀಲಿಸಿದ ಸಮಯ' ಎಂಬ ಒಂದು ಕಲಮನ್ನು ಸೇರಿಸಿದರು. ಸಂಖ್ಯೆ ಸತ್ತಿದ್ದರೆ ಕಂಡವನು ಅಲ್ಲಿಯೇ ಹೊಡೆದು ಹಾಕುತ್ತಿದ್ದನು. ತಂತ್ರಜ್ಞಾನ ದೊಡ್ಡದೇನಲ್ಲ. ಪಟ್ಟಿ ಒಂದೇ ಇತ್ತು, ತಿದ್ದಬಹುದಾಗಿತ್ತು, ತಿದ್ದಿದ ಗಳಿಗೆ ಕಾಣುತ್ತಿತ್ತು.

ಚೆನ್ನೈನ ಬಾಂಧವರಿಗೆ 2015ರ ಡಿಸೆಂಬರಿನ ನೆರೆ ನೆನಪಿರುವುದು. ಆಗ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯ ಆಧಾರದ ಮೇಲೆ, ಯಾವ ಬೀದಿ ಮುಳುಗಿದೆ ಎಂದು ಜನರೇ ಗುರುತಿಸುವ ನಕ್ಷೆಯೊಂದು ಸಿದ್ಧವಾಯಿತು. ತನ್ನ ಬೀದಿಯಲ್ಲಿ ನೀರು ನಿಂತದ್ದನ್ನು ಆ ಬೀದಿಯವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. 2004ರಲ್ಲಿ ಆರಂಭವಾದ ಆ ನಕ್ಷೆ ವಿಕಿಯ ರೀತಿಯಲ್ಲಿಯೇ ಬೆಳೆದುದು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿಯ ಓಣಿಗಳ ಸರಿಯಾದ ನಕ್ಷೆ ಇರಲಿಲ್ಲ. ಉಪಗ್ರಹದ ಚಿತ್ರಗಳನ್ನು ಮುಂದಿಟ್ಟುಕೊಂಡು ಜಗತ್ತಿನ ನಾನಾ ಮೂಲೆಗಳ ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಅದನ್ನು ಬರೆದುಕೊಟ್ಟರು.

ಸಂಸ್ಥೆಗಳ ಒಳಗೆ ವಿಕಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ವಿಚಿತ್ರ ನಿದರ್ಶನವಿದೆ. ಗುಟ್ಟು ಕಾಯುವುದನ್ನೇ ಕಸುಬು ಮಾಡಿಕೊಂಡ ಅಮೆರಿಕದ ಗುಪ್ತಚರ ಸಂಸ್ಥೆಗಳೇ ವಿಕಿಯನ್ನು ಅಪ್ಪಿಕೊಂಡವು. 2001ರ ಸೆಪ್ಟೆಂಬರ್ 11ರ ದಾಳಿಯ ಕುರಿತು ನೇಮಕವಾದ ಆಯೋಗವು 2004ರ ತನ್ನ ವರದಿಯಲ್ಲಿ ಎತ್ತಿ ತೋರಿದ ದೋಷಗಳಲ್ಲಿ ಮುಖ್ಯವಾದುದು ಮಾಹಿತಿ ಹಂಚಿಕೆಯ ಕೊರತೆ. ತುಣುಕುಗಳು ಬೇರೆ ಬೇರೆ ಇಲಾಖೆಗಳ ಕಪಾಟುಗಳಲ್ಲಿದ್ದವು, ಕೂಡಿಸಿ ನೋಡುವವರಿರಲಿಲ್ಲ. ಅದೇ ವರ್ಷ ಸಿ.ಐ.ಎ.ಯ ಕ್ಯಾಲ್ವಿನ್ ಆಂಡ್ರಸ್ ಎಂಬ ಅಧಿಕಾರಿ ಗುಪ್ತಚರರಿಗೂ ವಿಕಿ ಬೇಕು ಎಂದು ಪ್ರಬಂಧ ಬರೆದರು. 2006ರಲ್ಲಿ ಇಂಟೆಲಿಪೀಡಿಯ ಅಧಿಕೃತವಾಗಿ ಪ್ರಕಟವಾಯಿತು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶವೇ ಅಲ್ಲಿಯೂ ಬಳಕೆಯಾಯಿತು. ಗೋಪ್ಯತೆಯ ದರ್ಜೆಗೆ ತಕ್ಕಂತೆ ಮೂರು ಬೇರೆ ಬೇರೆ ಜಾಲಗಳು. ಮುಖ್ಯ ವ್ಯತ್ಯಾಸವೆಂದರೆ ಅಲ್ಲಿ ಅನಾಮಿಕರಿಗೆ ಎಡೆಯಿಲ್ಲ. ಪ್ರತಿಯೊಂದು ತಿದ್ದುಪಡಿಯೂ ತಿದ್ದಿದವನ ನಿಜನಾಮದೊಡನೆ ಕಟ್ಟಿರುತ್ತದೆ.

ಅದನ್ನು ಬೆಳೆಸಿದ ಇಬ್ಬರು ಉದ್ಯೋಗಿಗಳು ಮೂರು ಸೂತ್ರಗಳನ್ನು ಸಾರುತ್ತಿದ್ದರು. ಎಷ್ಟು ವಿಸ್ತಾರವಾದ ಓದುಗವರ್ಗದ ಮುಂದೆ ಬರೆಯಲು ಸಾಧ್ಯವೋ ಅಲ್ಲಿ ಬರೆಯಿರಿ. ಇಲಾಖೆಯ ಗೆರೆಗಳನ್ನು ಬಿಟ್ಟು ವಿಷಯದ ಗೆರೆಯಲ್ಲಿ ಯೋಚಿಸಿರಿ. ಹಳೆಯ ಪದ್ಧತಿಯ ಪಕ್ಕದಲ್ಲಿ ಇದನ್ನು ಇಡಬೇಡಿರಿ, ಹಳೆಯದರ ಜಾಗದಲ್ಲಿ ಇದನ್ನು ಇಡಿರಿ. ಚೆನ್ನಾಗಿ ಪುಟಗಳ ಕಳೆ ಕಿತ್ತು ಓರಣ ಮಾಡಿದ ಉದ್ಯೋಗಿಗೆ ಬಹುಮಾನವಾಗಿ ಒಂದು ಪುಟ್ಟ ಸಲಿಕೆಯನ್ನು ಕೊಡುತ್ತಿದ್ದರಂತೆ. ಬೆಳ್ಳಿಯ ಫಲಕ, ಶಾಲು, ಪೇಟಗಳಿಗಿಂತ ಅರ್ಥಪೂರ್ಣವಾದ ಸನ್ಮಾನವೆಂದು ಒಪ್ಪಲೇಬೇಕು.

ಮೂರನೆಯ ಸೂತ್ರದಲ್ಲಿಯೇ ಇಂಟೆಲಿಪೀಡಿಯ ಸೋತಿತು. ಅಧಿಕೃತ ವರದಿಗಳು ಹಳೆಯ ದಾರಿಯಲ್ಲಿಯೇ, ಆಯಾ ಸಂಸ್ಥೆಯ ಮುದ್ರೆಯೊಡನೆಯೇ ಹೋಗುತ್ತಿದ್ದವು. ವಿಕಿಯಲ್ಲಿ ಬರೆದುದು ಹೆಚ್ಚುವರಿ ಕೆಲಸವಾಯಿತು. ಬಡ್ತಿಗೆ ಲೆಕ್ಕವಾಗುವುದು ಮುದ್ರೆಯಿರುವ ವರದಿಯೇ ಆದರೆ ಮುದ್ರೆಯಿಲ್ಲದ ಪುಟಕ್ಕೆ ಸಂಜೆಯ ಸಮಯ ಕೊಡುವವರು ಎಷ್ಟು ಮಂದಿ? ಸಂಸ್ಥೆಯ ಒಳಗೆ ವಿಕಿ ಸಾಯುವುದು ಬಹುತೇಕ ಈ ಒಂದೇ ಕಾರಣದಿಂದ. ನಡವಳಿ ಒಂದು ಕಡೆ, ಕಾರ್ಯದರ್ಶಿಯ ಡೈರಿ ಇನ್ನೊಂದು ಕಡೆ, ಈಮೇಲು ಮತ್ತೊಂದು ಕಡೆ, ಇವೆಲ್ಲದರ ಜೊತೆಗೆ ಒಂದು ವಿಕಿ ಎಂದಾಗ ಅದು ನಾಲ್ಕನೆಯ ಗೊಂದಲವಾಗುತ್ತದೆ.

ಸಾರ್ವಜನಿಕ ಜೀವನದ ಅತ್ಯಂತ ಬೋಧಪ್ರದವಾದ ಪ್ರಸಂಗ ಜರ್ಮನಿಯದು. ಕಾರ್ಲ್-ಥಿಯೋಡರ್ ತ್ಸು ಗುಟೆನ್‌ಬರ್ಗ್ ಆ ದೇಶದ ರಕ್ಷಣಾ ಸಚಿವರು, ತರುಣರು, ಜನಪ್ರಿಯರು, ಮುಂದಿನ ಚಾನ್ಸಲರ್ ಎಂದು ಹಲವರು ಎಣಿಸಿದ್ದವರು. ಬೈರಾಯ್ಟ್ ವಿಶ್ವವಿದ್ಯಾಲಯದಿಂದ ಅತ್ಯುನ್ನತ ಶ್ರೇಣಿಯ ಡಾಕ್ಟರೇಟ್ ಪಡೆದವರು. 2011ರ ಫೆಬ್ರುವರಿ 16ರಂದು ಪತ್ರಿಕೆಯೊಂದು, ಅವರ ಮಹಾಪ್ರಬಂಧದ ಕೆಲವು ಭಾಗಗಳು ಅನ್ಯರ ಬರಹದ ನಕಲೆಂಬ ಆರೋಪವನ್ನು ಪ್ರಕಟಿಸಿತು. ಸಚಿವರು ನಿರಾಕರಿಸಿದರು. ಸಾಮಾನ್ಯ ರಾಜಕಾರಣದಲ್ಲಿ ಇಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು: ಪರ ವಿರೋಧದ ಹೇಳಿಕೆಗಳು, ದೂರದರ್ಶನದ ಕೂಗಾಟ, ಸಮಿತಿ, ವಿಸ್ಮೃತಿ. ಆದರೆ ಮರುದಿನವೇ 'ಗುಟೆನ್‌ಪ್ಲಾಗ್' ಎಂಬ ವಿಕಿ ತೆರೆಯಿತು. ಪ್ರಬಂಧದ ಪ್ರತಿಯೊಂದು ಪುಟಕ್ಕೂ ಒಂದು ವಿಕಿಪುಟ. ಶಂಕಿತ ಭಾಗ ಎಡಕ್ಕೆ, ಮೂಲ ಬಲಕ್ಕೆ, ಪುಟಸಂಖ್ಯೆ, ಸಾಲು. ಒಬ್ಬನು ತಂದಿಟ್ಟುದನ್ನು ಇನ್ನೊಬ್ಬನು ಮೂಲ ಗ್ರಂಥದೊಡನೆ ಒರೆಹಚ್ಚಿ ನೋಡಬೇಕು. ಸಚಿವರ ಪಕ್ಷ, ವಂಶ, ಬಟ್ಟೆಬರೆಗಳ ಮಾತು ಅಲ್ಲಿಗೆ ಸಲ್ಲದು. ಫೆಬ್ರುವರಿ 23ರಂದು ವಿಶ್ವವಿದ್ಯಾಲಯ ಪದವಿಯನ್ನು ಹಿಂತೆಗೆದುಕೊಂಡಿತು. ಮಾರ್ಚ್ 1ರಂದು ಸಚಿವರು ರಾಜೀನಾಮೆಯಿತ್ತರು. ಕೊನೆಗೆ ಎಣಿಸಿದಾಗ 393 ಪುಟಗಳಲ್ಲಿ 371 ಪುಟಗಳ ಮೇಲೆ ನಕಲಿನ ಗುರುತು ಕಂಡಿತ್ತು.

ಎರಡು ವಾರಗಳಲ್ಲಿ ಇದು ಸಾಧ್ಯವಾದುದು ಹೇಗೆ? ಜನಸಂಖ್ಯೆಯ ಬಲದಿಂದ ಎಂದರೆ ಅರ್ಧ ಉತ್ತರ. ಕೆಲಸವನ್ನು ಸಣ್ಣ ಸಣ್ಣ ಚೂರುಗಳಾಗಿ ಒಡೆಯಲು ಬರುತ್ತಿತ್ತು. ಪ್ರತಿ ಚೂರನ್ನೂ ಯಾರು ಬೇಕಾದರೂ ಸತ್ಯವೋ ಸುಳ್ಳೋ ಎಂದು ನೋಡಿಕೊಳ್ಳಬಹುದಾಗಿತ್ತು. ಈ ಎರಡು ಗುಣಗಳಿಲ್ಲದ ಕೆಲಸಕ್ಕೆ ವಿಕಿ ಒಗ್ಗದು. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಅದನ್ನು ಕಷ್ಟಪಟ್ಟು ಕಲಿಯಿತು. 2005ರ ಜೂನಿನಲ್ಲಿ ಇರಾಕ್ ಯುದ್ಧದ ಬಗೆಗಿನ ತನ್ನ ಸಂಪಾದಕೀಯವನ್ನು ಓದುಗರೇ ತಿದ್ದಲಿ ಎಂದು ತೆರೆದಿಟ್ಟಿತು. ಶುಕ್ರವಾರ ತೆರೆದುದನ್ನು ಭಾನುವಾರದ ಮುಂಜಾವಿನಲ್ಲಿ ಮುಚ್ಚಬೇಕಾಯಿತು. ಅಶ್ಲೀಲ ಚಿತ್ರಗಳ ಹಾವಳಿ ತಡೆಯಲಾಗಲಿಲ್ಲ. ಪುಂಡರು ಬಾರದೇ ಇದ್ದಿದ್ದರೂ ಅದು ನಿಲ್ಲುತ್ತಿರಲಿಲ್ಲ. ಯುದ್ಧ ಬೇಕು ಎನ್ನುವವನೂ ಬೇಡ ಎನ್ನುವವನೂ ಸೇರಿ ಒಂದೇ ಅಭಿಪ್ರಾಯ ಬರೆಯುವುದು ಹೇಗೆ? ವಸ್ತುಸ್ಥಿತಿಗೆ ವಿಕಿ ಸರಿ, ಅಭಿಪ್ರಾಯಕ್ಕೆ ಸಭೆಯೇ ಸರಿ. ನ್ಯೂಜಿಲೆಂಡ್ 2007ರಲ್ಲಿ ಇನ್ನೂ ಜಾಣತನದಿಂದ ನಡೆದುಕೊಂಡಿತು. 1958ರ ಪೊಲೀಸ್ ಅಧಿನಿಯಮವನ್ನು ಬದಲಿಸುವಾಗ ಹೊಸ ಕಾಯಿದೆಯಲ್ಲಿ ಏನಿರಬೇಕೆಂದು ಜನರೇ ಬರೆಯುವ ವಿಕಿಯೊಂದನ್ನು ಅಲ್ಪಕಾಲ ತೆರೆದಿಟ್ಟು, ಬಂದುದನ್ನು ಸಂಸತ್ತಿನ ಮುಂದೆ ಸೂಚನೆಗಳಾಗಿ ಇಟ್ಟಿತು. ನಿರ್ಣಯದ ಹೊಣೆ ಸಂಸತ್ತಿನದೇ ಆಗಿ ಉಳಿಯಿತು. ಹೊಸ ಅಧಿನಿಯಮ 2008ರಲ್ಲಿ ಬಂತು.

ಇಷ್ಟು ಕೇಳಿದ ಮೇಲೆ ವಿಕಿ ಎಂದರೆ ಸರ್ವರೋಗಕ್ಕೂ ಮದ್ದೆಂದು ಯಾರೂ ಎದ್ದು ಹೋಗಬಾರದು. ಅದಕ್ಕೂ ರೋಗಗಳಿವೆ. 2005ರಲ್ಲಿ ಜಾನ್ ಸೀಗೆಂತಾಲರ್ ಎಂಬ ಹಿರಿಯ ಪತ್ರಕರ್ತರ ವಿಕಿಪೀಡಿಯ ಪುಟದಲ್ಲಿ, ಕೆನೆಡಿ ಸೋದರರ ಹತ್ಯೆಯಲ್ಲಿ ಅವರ ಕೈವಾಡದ ಶಂಕೆಯಿತ್ತು ಎಂಬ ಹಸಿ ಸುಳ್ಳನ್ನು ಯಾರೋ ಬರೆದರು. ಸುಮಾರು ನಾಲ್ಕು ತಿಂಗಳು ಅದು ಹಾಗೆಯೇ ಇತ್ತು. ತಿದ್ದಬಹುದಾಗಿತ್ತು, ಆದರೆ ನೋಡುವವರಿರಲಿಲ್ಲ. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದ ಕತೆ ಇನ್ನೂ ಮರುಕ ಹುಟ್ಟಿಸುವಂಥದು. ಆ ಭಾಷೆಯನ್ನು ಬಾರದ ಅಮೆರಿಕದ ಹುಡುಗನೊಬ್ಬ, ಇಂಗ್ಲಿಷಿನ ಕಾಗುಣಿತವನ್ನು ಅಲ್ಲಿಷ್ಟು ಇಲ್ಲಿಷ್ಟು ಮಾರ್ಪಡಿಸಿ ವರ್ಷಗಟ್ಟಲೆ ಸಾವಿರಾರು ಲೇಖನಗಳನ್ನು ಬರೆದಿದ್ದನೆಂಬುದು 2020ರಲ್ಲಿ ಬೆಳಕಿಗೆ ಬಂತು. ಕೆಡಿಸುವ ಉದ್ದೇಶ ಅವನಿಗಿರಲಿಲ್ಲ, ಸೇವೆಯೆಂದೇ ಭಾವಿಸಿದ್ದನು. ಭಾಷೆ ಬಲ್ಲವರು ಅತ್ತ ಹಾಯಲಿಲ್ಲ ಅಷ್ಟೆ.

ಕ್ರೊಯೇಶಿಯನ್ ವಿಕಿಪೀಡಿಯದಲ್ಲಿ ನಡೆದುದು ಅಜ್ಞಾನವಲ್ಲ, ಅಧಿಕಾರಗ್ರಹಣ. ನಿರ್ವಾಹಕರ ಒಂದು ಸಣ್ಣ ಗುಂಪು ಸುಮಾರು ಒಂದು ದಶಕ ಅದನ್ನು ಕೈವಶ ಮಾಡಿಕೊಂಡಿತ್ತು. ಎರಡನೆಯ ಮಹಾಯುದ್ಧದ ಕಾಲದ ಉಸ್ತಾಶಾ ಆಳ್ವಿಕೆಯ ಕ್ರೌರ್ಯಗಳನ್ನು ಅಲ್ಲಿ ತೆಳುಗೊಳಿಸಿ ಬರೆಯಲಾಯಿತು. ಆಕ್ಷೇಪಿಸಿದವರನ್ನು ನಿಯಮಗಳ ನೆಪದಲ್ಲಿಯೇ ಹೊರಹಾಕಲಾಯಿತು. 2013ರಲ್ಲಿ ಆ ದೇಶದ ಶಿಕ್ಷಣ ಸಚಿವರೇ ವಿದ್ಯಾರ್ಥಿಗಳು ಅದನ್ನು ನಂಬಬಾರದೆಂದು ಎಚ್ಚರಿಸಬೇಕಾಯಿತು. ವಿಕಿಮೀಡಿಯ ಪ್ರತಿಷ್ಠಾನ ಈ ಬಗ್ಗೆ ವಿವರವಾದ ವರದಿ ಪ್ರಕಟಿಸಿದ್ದು 2021ರಲ್ಲಿ. ಸಭ್ಯರು ಜಗಳಕ್ಕೆ ಬೇಸತ್ತು ಒಬ್ಬೊಬ್ಬರಾಗಿ ಬಿಟ್ಟು ಹೋದಾಗ ಉಳಿದವರೇ ಬಹುಮತವಾಗುತ್ತಾರೆ ಎಂಬುದು ವಾರ್ಷಿಕ ಮಹಾಸಭೆಗಳಿಗೆ ಹಾಜರಾದವರಿಗೆ ಹೊಸ ಸಂಗತಿಯೇನಲ್ಲ. ಅಲ್ಲಿಯೂ ಬಿಡುಗಡೆಗೆ ನೆರವಾದುದು ಆ ಜಾಡೇ. ಯಾರು ಯಾವಾಗ ಯಾರನ್ನು ಹೊರಹಾಕಿದರು, ಯಾವ ವಾಕ್ಯವನ್ನು ಅಳಿಸಿದರು ಎಂಬುದು ಇತಿಹಾಸದ ಪುಟದಲ್ಲಿ ಸಾಲುಸಾಲಾಗಿ ಉಳಿದಿತ್ತು.

ಕನ್ನಡಕ್ಕೆ ಬರುವುದಾದರೆ, ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. 2011ರ ಜನಗಣತಿಯಂತೆ ನಾಲ್ಕು ಕೋಟಿಗೂ ಹೆಚ್ಚು ಜನರ ಮಾತೃಭಾಷೆಯಲ್ಲಿ ಇಂದು ಇರುವುದು ಮೂವತ್ತು ಸಾವಿರಕ್ಕೂ ಕೆಲವು ಸಾವಿರ ಹೆಚ್ಚಿನ ಲೇಖನಗಳು. ತಮಿಳಿನದು ಒಂದೂವರೆ ಲಕ್ಷ ದಾಟಿದೆ. ಈ ಲೆಕ್ಕದಲ್ಲಿಯೂ ಒಂದು ಜೊಳ್ಳಿದೆ. 2009-10ರ ಸುಮಾರಿಗೆ ಗೂಗಲ್ ಸಂಸ್ಥೆ ಭಾರತೀಯ ಭಾಷೆಗಳ ತನ್ನ ಅನುವಾದ ತಂತ್ರಾಂಶದ ಅಭ್ಯಾಸಕ್ಕಾಗಿ ಇಂಗ್ಲಿಷ್ ಲೇಖನಗಳನ್ನು ಅನುವಾದ ಮಾಡಿಸಿ ಇಲ್ಲಿ ತುಂಬಿಸಿತು. ಹಾಲಿವುಡ್ ನಟರ, ಪಾಶ್ಚಾತ್ಯ ಗಾಯಕರ ಉದ್ದುದ್ದ ಪುಟಗಳು ಕನ್ನಡದ ವ್ಯಾಕರಣವನ್ನು ಮುರಿದು ಬಂದು ಕುಳಿತವು. ಅವನ್ನು ತಿದ್ದಲು ಇದ್ದ ಕೈಗಳು ಬೆರಳೆಣಿಕೆಯವು. ಮುಂಬಯಿಯ ಕನ್ನಡಿಗರ ಶಾಲೆಗಳ, ಸಂಘಗಳ ಚರಿತ್ರೆ, ಪುಣೆ ಹೈದರಾಬಾದುಗಳಿಗೆ ವಲಸೆ ಬಂದ ಮನೆತನಗಳ ಕತೆ ಯಾವ ಯಂತ್ರದಿಂದಲೂ ಅನುವಾದವಾಗಿ ಬರಲಾರದು. ಅದನ್ನು ಬಲ್ಲ ಹಿರಿಯರು ಈ ನಗರಗಳಲ್ಲಿಯೇ ಇದ್ದಾರೆ, ಅವರ ವಯಸ್ಸು ಎಂಬತ್ತರ ಆಚೀಚೆ.

ಭಾರತದ ಸಾರ್ವಜನಿಕ ಜೀವನದಲ್ಲಿ ವಿಕಿಗೆ ಬೇಕಾದ ಕಾನೂನಿನ ನೆಲೆ ಇದ್ದೇ ಇದೆ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಕಲಮು, ಯಾರೂ ಕೇಳದೆಯೇ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು ತನ್ನ ಅಧಿಕಾರಿಗಳ ಕರ್ತವ್ಯ, ನಿರ್ಣಯದ ಕ್ರಮ, ಆಯವ್ಯಯ, ನೆರವಿನ ಫಲಾನುಭವಿಗಳ ವಿವರಗಳನ್ನು ಪ್ರಕಟಿಸಬೇಕೆಂದೂ ಪ್ರತಿ ವರ್ಷ ಪರಿಷ್ಕರಿಸಬೇಕೆಂದೂ ಹೇಳುತ್ತದೆ. ಎಷ್ಟೋ ಕಚೇರಿಗಳ ಜಾಲತಾಣಗಳಲ್ಲಿ ವರ್ಗವಾಗಿ ಹೋದ ಅಧಿಕಾರಿಯ ಹೆಸರೇ ಇನ್ನೂ ಇರುತ್ತದೆ. ಕೇಳಿ ಪಡೆಯುವ ಹಕ್ಕಿಗೆ ಜನ ಹೋರಾಡಿದರು, ಕೇಳದೆ ಸಿಗಬೇಕಾದುದನ್ನು ಮರೆತರು. ಮತ್ತೊಂದು ಕಡೆ, ಬರೆಯುವವರ ಮೇಲಿನ ಒತ್ತಡವೂ ಹೆಚ್ಚುತ್ತಿದೆ. 2024ರಲ್ಲಿ ಎ.ಎನ್.ಐ. ಸುದ್ದಿಸಂಸ್ಥೆ ತನ್ನ ಕುರಿತಾದ ವಿಕಿಪೀಡಿಯ ಪುಟದ ವಿರುದ್ಧ ದಿಲ್ಲಿ ಉಚ್ಚ ನ್ಯಾಯಾಲಯದಲ್ಲಿ ಮಾನಹಾನಿಯ ದಾವೆ ಹೂಡಿ, ಬರೆದವರ ಗುರುತು ತಿಳಿಸಬೇಕೆಂದು ಕೇಳಿತು. ಆ ದಾವೆಯ ಬಗೆಗಿನ ಪುಟವನ್ನೇ ತೆಗೆಯಬೇಕೆಂದು ಉಚ್ಚ ನ್ಯಾಯಾಲಯ ಆದೇಶಿಸಿತು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ದಾವೆ ಹೂಡುವುದು ಪ್ರತಿಯೊಬ್ಬರ ಹಕ್ಕು. ಆದರೆ ಸಂಬಳವಿಲ್ಲದೆ ಬರೆಯುವ ಶಿಕ್ಷಕನೋ ವಿದ್ಯಾರ್ಥಿಯೋ ದೊಡ್ಡ ಸಂಸ್ಥೆಯ ವಕೀಲರ ಎದುರು ನಿಲ್ಲಬೇಕಾಗಿ ಬಂದರೆ ನಾಳೆ ಬರೆಯುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಇದೆ.

ಸಮಾಜದ ಟ್ರಸ್ಟುಗಳಲ್ಲಿ ಇಂತಹ ಸಲಹೆ ಬಂದಾಗಲೆಲ್ಲ ಕೇಳಿಬರುವ ಆಕ್ಷೇಪ ಒಂದೇ: ಎಲ್ಲರ ಕೈಗೆ ಕೊಟ್ಟರೆ ಕೆಟ್ಟು ಹೋಗುತ್ತದೆ, ಬೀಗದಲ್ಲಿದ್ದರೆ ಉಳಿಯುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೂಡುಬಿದಿರೆಯ ಧವಲ ಗ್ರಂಥಗಳ ತಾಡವೋಲೆಗಳು ಶತಮಾನಗಳ ಕಾಲ ಉಳಿದುದು ಕಾವಲಿನಲ್ಲಿದ್ದುದರಿಂದಲೇ. ಆದರೆ ಅಷ್ಟು ಕಾಲ ಅವು ದರ್ಶನಕ್ಕೆ ದೊರಕುತ್ತಿದ್ದವೇ ಹೊರತು ಓದುವುದಕ್ಕೆ ದೊರಕುತ್ತಿರಲಿಲ್ಲ. ಪ್ರತಿಗಳು ಹೊರಬಂದು, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದುದು 1939ರಲ್ಲಿ. ಹತ್ತನೆಯ ಶತಮಾನದ ಅತ್ತಿಮಬ್ಬೆಯ ದಾರಿ ಬೇರೆಯಾಗಿತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಆಕೆ ಬರೆಯಿಸಿ ಹಂಚಿದಳು. ಅದೂ ಉಳಿಯಿತು. ಓಲೆಗೆ ಗೆದ್ದಲು ಹಿಡಿಯುವ ಕಾಲದಲ್ಲಿ ಯಾವುದು ಹೆಚ್ಚು ಕ್ಷೇಮವಾದ ಹಾದಿ ಎಂಬುದನ್ನು ಆಕೆ ಲೆಕ್ಕ ಹಾಕಿಯೇ ಇರಬೇಕು.

ಬೀಗ ಬೇಕಾದ ಕಡೆ ಬೀಗವಿರಲಿ. ವಿದ್ಯಾರ್ಥಿವೇತನ ಕೇಳಿದ ಹುಡುಗಿಯ ತಂದೆಯ ಆದಾಯ, ವೈದ್ಯಕೀಯ ನೆರವು ಕೇಳಿದ ವೃದ್ಧರ ರೋಗ, ವಧೂವರರ ಮಾಹಿತಿ, ದಾನಿಗಳ ಪ್ಯಾನ್ ಸಂಖ್ಯೆ ಇವು ಎಂದಿಗೂ ವಿಕಿಗೆ ಬರತಕ್ಕವಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಅಧಿನಿಯಮ ಬಂದ ಮೇಲೆ ಇದು ಸೌಜನ್ಯದ ಮಾತಷ್ಟೇ ಅಲ್ಲ. ಪಾಸ್‌ವರ್ಡುಗಳೂ ಪುಟದಲ್ಲಿರಬಾರದು, ಅವು ಯಾವ ಇಬ್ಬರು ಟ್ರಸ್ಟಿಗಳ ಬಳಿ ಇವೆ ಎಂಬುದು ಮಾತ್ರ ಇರಬೇಕು. ಆದರೆ ವಿದ್ಯಾರ್ಥಿವೇತನದ ನಿಯಮ, ಈ ವರ್ಷ ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಮಂಜೂರಾತಿ, ಯಾವ ಮಾನದಂಡದಿಂದ ಎಂಬುದನ್ನು ಬಚ್ಚಿಡಲು ಕಾರಣವಿಲ್ಲ. ಸೋತ ಅರ್ಜಿದಾರನ ಮನೆಯಲ್ಲಿ 'ಅವರವರಿಗೇ ಕೊಟ್ಟುಕೊಂಡರು' ಎಂಬ ಮಾತು ಹುಟ್ಟುವುದು ಕೊಟ್ಟುಕೊಂಡದ್ದರಿಂದಲೇ ಆಗಬೇಕಿಲ್ಲ, ಕಾಣದಿದ್ದುದರಿಂದಲೂ ಆಗುತ್ತದೆ. ಇಂತಹ ಒಂದು ಮಾತಿನಿಂದ ಒಡೆದ ಸಂಘಗಳು ಹೊರನಾಡಿನ ನಗರಗಳಲ್ಲಿ ಕಡಮೆಯಿಲ್ಲ.

ಖರ್ಚಿನ ಮಾತು ಚಿಕ್ಕದು. ಮೀಡಿಯಾವಿಕಿ ಉಚಿತ. ಸರ್ವರಿನ ಬಾಡಿಗೆ ಒಂದು ಸನ್ಮಾನ ಸಮಾರಂಭದ ಹಾರ ತುರಾಯಿಗಳಿಗಿಂತ ಹೆಚ್ಚಾಗದು. ಮನೆಯ ತರುಣಿಯೋ ತರುಣನೋ ಒಂದು ಭಾನುವಾರದಲ್ಲಿ ಹಾಕಿಕೊಟ್ಟಾರು. ದುಬಾರಿಯಾದುದು ನಿರ್ಣಯ. ಇಂಟೆಲಿಪೀಡಿಯ ಎಡವಿದಲ್ಲಿ ಎಡವದಿರಬೇಕಾದರೆ, ವಿಕಿಯಲ್ಲಿ ಇರುವುದೇ ಅಧಿಕೃತ, ಡೈರಿಯಲ್ಲಿ ಇರುವುದು ಖಾಸಗಿ ಎಂದು ಆಡಳಿತ ಮಂಡಳಿ ಠರಾವು ಮಾಡಬೇಕು. ಕಾನೂನಿನ ನಡವಳಿ ಪುಸ್ತಕಕ್ಕೆ ಸಹಿ ಬೀಳುವುದು ಬೀಳಲೇಬೇಕು. ಅದರ ಕರಡು ಮಾತ್ರ ವಿಕಿಯಲ್ಲಿ, ಎಲ್ಲ ಸದಸ್ಯರ ಕಣ್ಣೆದುರಿಗೆ ಸಿದ್ಧವಾಗಬೇಕು. ತಿದ್ದುವವರು ತಮ್ಮ ಹೆಸರಿನಲ್ಲಿಯೇ ತಿದ್ದಬೇಕು. ಕಂಪ್ಯೂಟರ್ ಬಾರದ ಹಿರಿಯರಿಗೆ ಪುಟವನ್ನು ಮುದ್ರಿಸಿ ಕೊಟ್ಟು, ಅವರು ಕೆಂಪು ಮಸಿಯಲ್ಲಿ ಗುರುತು ಹಾಕಿದುದನ್ನು ಅವರ ಹೆಸರಿನ ಉಲ್ಲೇಖದೊಡನೆ ಸೇರಿಸಬೇಕು. ಸಂಸ್ಥೆಯ ಚರಿತ್ರೆ ಅವರ ಬಳಿಯಲ್ಲೇ ಇರುವುದರಿಂದ ಅವರನ್ನು ಬಿಟ್ಟರೆ ಆ ವಿಕಿ ಟೊಳ್ಳು.

ಮೊದಲ ತಿಂಗಳಿಗೆ ಮೂರು ಪುಟ ಸಾಕು. ಒಂದರಲ್ಲಿ ಸಂಸ್ಥೆಯ ಮೂಲಪತ್ರ, ನೋಂದಣಿಗಳು, ಅವುಗಳ ಅವಧಿ ಮುಗಿಯುವ ದಿನಾಂಕ, ಕಾಗದ ಎಲ್ಲಿದೆ ಎಂಬ ವಿವರ. ಎರಡನೆಯದರಲ್ಲಿ ಇಂದಿನ ಟ್ರಸ್ಟಿಗಳು, ಅವರು ಬಂದ ದಿನ, ಬದಲಾವಣೆಯ ವರದಿ ಸಲ್ಲಿಕೆಯಾದ ದಿನ. ಮೂರನೆಯದರಲ್ಲಿ ವಿದ್ಯಾರ್ಥಿವೇತನದ ನಿಯಮಗಳು. ಎರಡನೆಯ ಪುಟದ ಕೊನೆಯ ಕಲಮು ಹಲವು ಸಂಸ್ಥೆಗಳಲ್ಲಿ ಖಾಲಿ ಉಳಿಯುವುದು. ಅದನ್ನು ಕಂಡ ಕೂಡಲೇ ಯಾರಾದರೊಬ್ಬರು ಧರ್ಮಾದಾಯ ಆಯುಕ್ತರ ಕಚೇರಿಗೆ ಹೊರಡುವರು.